ಹರಿಗೋಲಿನ ಮೋಲ್ಡಲ್ಲಿ ಪೀಸು ಒಂದೇ ಜಾಗದಲ್ಲಿ ಕಚ್ಕೊಳ್ತಿದೆ, ಇನ್ನೂ ಮೇಣ ಹಾಕ್ಬೇಕಾ?

ತೂಬಿನಕೆರೆ ಶೆಡ್

ಎಲ್ರಿಗೂ ನಮಸ್ಕಾರ. ಮಂಡ್ಯದ ಹತ್ರ ತೂಬಿನಕೆರೇಲಿ ನಮ್ದೊಂದು ಸಣ್ಣ ಎಫ್‌ಆರ್‌ಪಿ (ಗಾಜಿನ ನಾರನ್ನ ರೆಸಿನ್ ಅನ್ನೋ ಅಂಟಲ್ಲಿ ಅದ್ದಿ ಮಾಡೋ ಫೈಬರ್) ಶೆಡ್ ಅದೆ. ನೀರಿನ ತೊಟ್ಟಿ, ಬಾಗಿಲು, ಬಸ್ಸಿನ ಬಂಪರ್ ಇಂಥವು ಮಾಡ್ಕಂಡಿದ್ವಿ. ಈಗ ಹರಿಗೋಲಿಗೆ ಆರ್ಡರ್ ಬಂದದೆ. ಬಿದಿರು ಹೆಣೆದು ಟಾರು ಬಳಿಯೋದು ಕಮ್ಮಿಯಾಯ್ತಾ ಅದೆ, ನಡೆಸೋರು ಫೈಬರ್‌ದೇ ಕೇಳ್ತಾರೆ. ಮೋಲ್ಡು ನಾವು ಮಾಡಿದ್ದಲ್ಲ, ಶೆಡ್ ಮುಚ್ಚಿದ ಒಬ್ರ ಹತ್ರ ಕೊಂಡ್ಕಂಡ್ವಿ. ಕಪ್ಪು ಟೂಲಿಂಗ್ ಜೆಲ್‌ಕೋಟು (ಜೆಲ್‌ಕೋಟು ಅಂದ್ರೆ ಮೇಲ್ಮೈಯ ರೆಸಿನ್ ಲೇಪ, ಟೂಲಿಂಗ್ ಅಂದ್ರೆ ಮೋಲ್ಡಿಗಂತ್ಲೇ ಮಾಡಿದ್ದು), ಮುಖ ನೋಡ್ಕೊಬೋದು ಹಂಗೆ ಹೊಳೀತದೆ.

ತೊಂದ್ರೆ ಏನಂದ್ರೆ, ತಳ ಸಲೀಸಾಗಿ ಬಿಡ್ತದೆ. ಗೋಡೇನೂ ಮುಕ್ಕಾಲು ಪಾಲು ಬಿಡ್ತದೆ. ಕಂಠದ ಹತ್ರ ಅಂಚು ಹೊರಕ್ಕೆ ಮಡಚ್ತದಲ್ಲ, ಆ ಮೂಲೇಲಿ ಎರಡು ಕಡೆ ಕಚ್ಕಂಡು ಕೂತ್ಕತದೆ. ಬೆಣೆ ಕೊಟ್ಟು ರಬ್ಬರ್ ಸುತ್ತಿಗೇಲಿ ತಟ್ಟಿ ಬಿಡಿಸಿದ್ರೆ ಅಂಗೈಯಗಲ ಜೆಲ್‌ಕೋಟು ಪೀಸಿಂದ ಕಿತ್ತು ಮೋಲ್ಡಲ್ಲೇ ಉಳೀತದೆ. ಪೀಸು ಅಂಟ್ದೆ ಬಿಡ್ಲಿ ಅಂತ ಮೋಲ್ಡಿಗೆ ಮೇಣ ತಿಕ್ತೀವಲ್ಲ, ಆ ಜಾಗಕ್ಕೆ ಬೇರೆ ಕಡೆಗಿಂತ ಒಂದು ಕೈ ಜಾಸ್ತಿನೇ ಹಾಕ್ತೀವಿ. ನಮ್ಮ ಹುಡುಗ್ರು ಇನ್ನೂ ಹಾಕನ ಅಂತಾವ್ರೆ. ತಿಳಿದೋರು ಒಸಿ ಹೇಳಿ.

ಬನ್ನೂರು ಹುಡುಗ

ಅಣ್ಣ, ಇನ್ನೆರಡು ಕೋಟ್ ಮೇಣ ಬಿಗೀರಿ. ಮೇಲೆ ಕಾರಿನ ಡ್ಯಾಶ್‌ಬೋರ್ಡಿಗೆ ಹೊಡೆಯೋ ಸಿಲಿಕಾನ್ ಸ್ಪ್ರೇ ಒಂದು ಸುತ್ತು ಹೊಡೀರಿ. ಜಾರ್ಕಂಡು ಬತ್ತದೆ ನೋಡ್ತಿರಿ.

ಮೇಟಗಳ್ಳಿ ಪೇಂಟರ್

ಕೈ ಮುಗೀತೀನಿ, ಸಿಲಿಕಾನ್ ಸ್ಪ್ರೇ ಮಾತ್ರ ಬೇಡ. ಅದನ್ನ ಹೊಡೆದ ಶೆಡ್ಡಿಂದ ಬಂದ ಪೀಸಿಗೆ ಬಣ್ಣ ಹಾಕೋದು ನನ್ನಂಥೋನ ಹಣೆಬರಹ. ಸಿಲಿಕಾನ್ ಎಣ್ಣೆ ಇದ್ದ ಕಡೆ ಬಣ್ಣ ಕೂರಲ್ಲ, ಹನಿ ಹನಿಯಾಗಿ ಸರಿದು ನಡುವೆ ಗುಂಡಗೆ ತಳ ಕಾಣುತ್ತೆ. ಫಿಶ್ ಐ ಅಂತೀವಲ್ಲ, ಅದೇ. ಒರೆಸಿದ್ರೆ ಹೋಗೋದಿಲ್ಲ, ಪಕ್ಕಕ್ಕೆ ಹರಡುತ್ತೆ. ಸ್ಪ್ರೇ ಹೊಡೆದಾಗ ಮಂಜು ಗಾಳೀಲಿ ಹೋಗಿ ಪಕ್ಕದ ಮೋಲ್ಡಿನ ಮೇಲೂ ಕೂರುತ್ತೆ, ಆಮೇಲೆ ಅಲ್ಲಿ ಹೊಡೆದ ಜೆಲ್‌ಕೋಟಿಗೂ ಅದೇ ಕಣ್ಣು ಬೀಳುತ್ತೆ. ಟೈರ್ ಪಾಲಿಶು, ಡ್ಯಾಶ್‌ಬೋರ್ಡ್ ಪಾಲಿಶು ಯಾವುದನ್ನೂ ಆ ಶೆಡ್ಡಿನ ಬಾಗಿಲೊಳಗೆ ತರಬೇಡಿ. ನಿಮ್ಮ ಡ್ರೈವರ್‌ಗೂ ಹೇಳಿಡಿ.

ಹೂಟಗಳ್ಳಿ ಮೋಲ್ಡರ್

ಶೆಡ್ ಅವರೇ, ಮೇಣದ ಮಾತು ಆಮೇಲೆ. ಮೊದಲು ಇಷ್ಟು ಹೇಳಿ. ಪ್ರತಿ ಸಲ ಅದೇ ಎರಡು ಜಾಗಾನಾ, ಇಲ್ಲ ಒಂದೊಂದು ಸಲ ಒಂದೊಂದು ಕಡೆನಾ? ಆ ಜಾಗ ಓರೆಬೆಳಕಲ್ಲಿ ನೋಡಿದ್ರೆ ಸುತ್ತಲಿನ ಥರಾನೇ ಹೊಳೆಯುತ್ತಾ? ಅಂಚಿಗೆ ಎಷ್ಟು ಪದರ ಮ್ಯಾಟ್ (ಗಾಜಿನ ನಾರಿನ ಹಾಸು) ಕೂರಿಸ್ತೀರಿ, ಎಲ್ಲಾ ಒಂದೇ ಏಟಿಗಾ? ಮೇಣ ಯಾವ ಬಟ್ಟೇಲಿ ಹಾಕ್ತೀರಿ? ಮುಖ್ಯವಾಗಿ, ಹಿಂದಿನೋರು ಆ ಮೋಲ್ಡಿಗೆ ಏನು ರಿಲೀಸ್ (ಪೀಸ್ ಅಂಟದ ಹಾಗೆ ಹಚ್ಚೋದು) ಬಳಸ್ತಿದ್ರು?

ತೂಬಿನಕೆರೆ ಶೆಡ್

ಅದೇ ಜಾಗ ಸಾರ್, ಚಾಕ್‌ಪೀಸಲ್ಲಿ ಗೆರೆ ಎಳೆದು ತೋರಿಸ್ಬೋದು ಅಷ್ಟು ಕರೆಕ್ಟಾಗಿ ಅಲ್ಲೇ. ಓರೆಬೆಳಕಲ್ಲಿ ಒಸಿ ಮಂಕು ಕಾಣ್ತದೆ, ಮೇಣ ತಿಕ್ಕಿದ್ಮೇಲೆ ಗೊತ್ತಾಗಲ್ಲ. ಅಂಚಿಗೆ 450 ಗ್ರಾಂ ಮ್ಯಾಟು (ಚದರ ಮೀಟರಿಗೆ ಅಷ್ಟು ತೂಕ) ನಾಲ್ಕು ಪದರ, ಬಲ ಬರ್ಲಿ ಅಂತ ಒಂದೇ ಏಟಿಗೆ. ಬಟ್ಟೆ ಟೈಲರ್ ಅಂಗಡಿ ಕಟ್‌ಪೀಸು. ಹಿಂದಿನೋರು ಮೋಲ್ಡ್ ಜೊತೆ ಅರ್ಧ ತುಂಬಿದ್ದೊಂದು ತಗಡಿನ ಡಬ್ಬಿ ಕೊಟ್ರು, ಒರೆಸೋ ರಿಲೀಸು ಅಂದ್ರು. ನಾವು ಅದನ್ನ ಮುಟ್ಟಿಲ್ಲ, ಮೊದ್ಲಿಂದ ಮೇಣ ಅಭ್ಯಾಸ, ಅದೇ ಹಾಕಿದ್ವಿ.

ಹೂಟಗಳ್ಳಿ ಮೋಲ್ಡರ್

ಅರ್ಧ ಉತ್ತರ ನೀವೇ ಕೊಟ್ಟುಬಿಟ್ರಿ. ಮೇಣ ಸಾಲದೆ ಅಂಟಿದ್ರೆ ಅದಕ್ಕೆ ಜಾಗ ಅನ್ನೋದಿರಲ್ಲ. ಕೈ ತಪ್ಪಿದ ಕಡೆ ಅಂಟುತ್ತೆ, ಇವತ್ತು ಇಲ್ಲಿ, ನಾಳೆ ಅಲ್ಲಿ. ಸಲಸಲಕ್ಕೂ ಒಂದೇ ಕಡೆ ಅಂಟ್ತಾ ಇದೆ ಅಂದ್ರೆ ದೋಷ ಮೇಣದಲ್ಲಿಲ್ಲ, ಮೇಣದ ಕೆಳಗಿದೆ. ನನ್ನ ಅನುಮಾನ ಏನು ಅಂದ್ರೆ, ಆ ಎರಡು ಕಡೆ ಯಾವಾಗಲೋ ಒಡೆದು ತೇಪೆ ಹಾಕಿದ್ದಾರೆ. ಕಂಠದ ಮೂಲೆ ಬೆಣೆ ಏಟು ತಿನ್ನೋ ಜಾಗ, ಒಡೆಯೋದೂ ಅಲ್ಲೇ. ಆಮೇಲೆ ಕಪ್ಪು ಪಾಲಿಶ್ ತಿಕ್ಕಿ ಮಾರಿದ್ದಾರೆ.

ಗೊತ್ತು ಮಾಡ್ಕೊಳ್ಳೋದು ಕಷ್ಟ ಅಲ್ಲ. ಮೋಲ್ಡು ಈಗ ಮೇಣ ಹಾಕಿದ ಸ್ಥಿತೀಲೇ ಇರಲಿ. ಮಾಸ್ಕಿಂಗ್ ಟೇಪ್ ಗೇಣುದ್ದ ಹರಿದು ತಳಕ್ಕೆ ಒಂದು, ಗೋಡೆಗೆ ಒಂದು, ಒಳ್ಳೆ ಅಂಚಿಗೆ ಒಂದು, ಅನುಮಾನದ ಎರಡು ಜಾಗಕ್ಕೂ ಒಂದೊಂದು ಒತ್ತಿ ಅಂಟಿಸಿ. ಒಂದೇ ಕೈಯಲ್ಲಿ, ಒಂದೇ ವೇಗದಲ್ಲಿ ಎಳೀರಿ. ಚೆನ್ನಾಗಿ ಮೇಣ ಕುಡಿದ ಕಡೆ ಟೇಪ್ ಸರಿಯಾಗಿ ಹಿಡಿಯೋದೇ ಇಲ್ಲ. ಬಿಗಿ ಹತ್ತಿದ ಕಡೆ ಸುತ್ತ ಪೆನ್ಸಿಲ್‌ನಲ್ಲಿ ಗುರುತು ಹಾಕಿ.

ಎರಡನೇದು, ಆ ಗುರುತಿನೊಳಗಿನ ಮೇಣ ಪೂರ್ತಿ ತೆಗೆದು, ಬಿಳಿ ಬನಿಯನ್ ಬಟ್ಟೇನ ಅಸಿಟೋನಲ್ಲಿ ಅದ್ದಿ ಅರ್ಧ ನಿಮಿಷ ಉಜ್ಜಿ. ಸರಿಯಾಗಿ ಕ್ಯೂರ್ ಆದ (ಒಳಗೂ ಗಟ್ಟಿಯಾದ) ಜೆಲ್‌ಕೋಟು ಜಗ್ಗಲ್ಲ. ಬಟ್ಟೆಗೆ ಕಪ್ಪು ಇಳಿದ್ರೆ, ಇಲ್ಲ ಬೆರಳಿಗೆ ಜಿಗುಟು ಅನಿಸಿದ್ರೆ ಅದು ಹಸಿ. ಮೇಣ ತೆಗೆಯೋದಕ್ಕೆ ಅಸಿಟೋನ್ ಬೇಡ. ಅದು ಕಾರ್ನೌಬಾ ಮೇಣನ (ತಾಳೆ ಜಾತಿ ಮರದ ಎಲೆಯ ಗಟ್ಟಿ ಮೇಣ) ಸರಿಯಾಗಿ ಕರಗಿಸೋದಿಲ್ಲ, ಅಷ್ಟರೊಳಗೆ ಆರಿಹೋಗಿ ಬರೀ ಹರಡುತ್ತೆ. ಮೋಲ್ಡ್ ಕ್ಲೀನರ್ ಸಿಕ್ಕಿದ್ರೆ ಸರಿ, ಇಲ್ಲಾಂದ್ರೆ ಕ್ಸೈಲೀನ್. ಎರಡು ಬಟ್ಟೆ ಇಟ್ಕೊಳ್ಳಿ, ಒಂದು ಒದ್ದೆ, ಒಂದು ಒಣ. ಒದ್ದೇಲಿ ಕರಗಿಸಿ, ಆರೋ ಮೊದಲೇ ಒಣದಲ್ಲಿ ಎತ್ತಬೇಕು. ಬಟ್ಟೆ ಮಗ್ಗುಲು ತಿರುಗಿಸ್ತಾ ಇರಿ, ಇಲ್ಲದಿದ್ರೆ ಎತ್ತಿದ ಮೇಣನೇ ವಾಪಸ್ ಬಳಿದ ಹಾಗೆ. ತೆಗೆದದ್ದು ಪೂರ್ತಿ ಹೋಯ್ತಾ ಅಂತ ನೋಡೋಕೆ ನೀರು ಚಿಮುಕಿಸಿ. ಹಾಳೆ ಥರ ಹರಡಿ ನಿಂತ್ರೆ ಸ್ವಚ್ಛ, ಮಣಿ ಮಣಿ ಆದ್ರೆ ಇನ್ನೂ ಇದೆ.

ಮೂರನೇದು, ಕಪ್ಪು ಮೋಲ್ಡ್ ಆಗಿರೋದರಿಂದ ಟಾಲ್ಕಂ ಪೌಡರ್ ಒಂದು ಚಿಟಿಕೆ ಆ ಜಾಗಕ್ಕೆ ತಿಕ್ಕಿ, ಒಣ ಬಟ್ಟೇಲಿ ಒರೆಸಿ. ಸೂಜಿಮೊನೆ ರಂಧ್ರ ಇದ್ರೆ ಬಿಳಿ ಚುಕ್ಕಿಯಾಗಿ ನಿಂತುಬಿಡುತ್ತೆ. ಜೆಲ್‌ಕೋಟು ಆ ರಂಧ್ರದೊಳಕ್ಕೆ ಇಳಿದು ಬೇರು ಬಿಟ್ಕೊಂಡು ಗಟ್ಟಿಯಾಗೋದು. ಅದನ್ನ ಯಾವ ಮೇಣ ತಾನೇ ಬಿಡಿಸುತ್ತೆ ಹೇಳಿ.

ಬೀಡಿ ಸಿಗರೇಟು ಹತ್ತಿರ ಬೇಡ. ಅಸಿಟೋನ್ ಆವಿಗೆ ಕಿಡಿ ಸಾಕು.

ಪಾಲಿಮರ್ ಓದಿದೋಳು

ನಾನು ಮೈಸೂರಿನ ಇಂಜಿನಿಯರಿಂಗ್ ಕಾಲೇಜು ಎಸ್‌ಜೆಸಿಇಲಿ ಪಾಲಿಮರ್ ಓದಿದ್ದು, ಈಗ ಕೆಲಸ ಬೇರೆ. ಮೋಲ್ಡರ್ ಅವರು ಹೇಳಿದ ತೇಪೆ ವಿಷಯಕ್ಕೆ ಕಾರಣ ಸೇರಿಸ್ತೀನಿ.

ಪಾಲಿಯೆಸ್ಟರ್ (ನೀವು ಬಳಸೋ ರೆಸಿನ್) ಗಟ್ಟಿಯಾಗೋದು ಅತಿ ಚುರುಕಾದ ಅಣು ತುಣುಕುಗಳಿಂದ, ಅಂದ್ರೆ ಫ್ರೀ ರ್‍ಯಾಡಿಕಲ್ ಕ್ರಿಯೆಯಿಂದ. ಗಾಳಿಯ ಆಮ್ಲಜನಕ ಆ ರ್‍ಯಾಡಿಕಲ್‌ಗಳನ್ನ ತಿಂದುಹಾಕುತ್ತೆ, ಹಾಗಾಗಿ ಗಾಳಿಗೆ ತೆರೆದುಕೊಂಡ ಮುಖ ಅಂಟಂಟಾಗೇ ಉಳಿಯುತ್ತೆ. ಮೋಲ್ಡ್ ಮೊದಲ ಸಲ ಮಾಡುವಾಗ ಇದರ ಕಾಟ ಇಲ್ಲ, ಅದರ ಹೊಳೆಯೋ ಮುಖ ಪ್ಯಾಟರ್ನಿಗೆ (ಮೂಲ ಮಾದರಿಗೆ) ಒತ್ತಿಕೊಂಡೇ ಗಟ್ಟಿಯಾಗಿರುತ್ತೆ. ಆದರೆ ತೇಪೆ ಹಾಕುವಾಗ ಅದೇ ಮುಖ ಗಾಳಿಗೆ ತೆರೆದಿರುತ್ತೆ. ಜೆಲ್‌ಕೋಟಿಗೆ ವ್ಯಾಕ್ಸ್ ಸೊಲ್ಯೂಷನ್ (ಮೇಲೆದ್ದು ಬಂದು ಗಾಳಿ ತಡೆಯೋ ಮೇಣದ ದ್ರಾವಣ) ಬೆರೆಸಿರಬೇಕು, ಇಲ್ಲಾ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿರಬೇಕು. ಇವೆರಡೂ ಮಾಡದೆ, ಸಾಮಾನ್ಯ ಜೆಲ್‌ಕೋಟ್ ಬಳಿದು ಮಾರನೇ ದಿನ ಉಜ್ಜಿ ಪಾಲಿಶ್ ಮಾಡಿದ್ರೆ ಕಣ್ಣಿಗೆ ಹೊಳೆಯುತ್ತೆ, ಒಳಗೆ ಅರೆಬೆಂದಿರುತ್ತೆ. ಹೊಸ ಜೆಲ್‌ಕೋಟಿನ ಸ್ಟೈರೀನ್ (ರೆಸಿನ್ ಒಳಗಿರೋ ದ್ರಾವಕ) ಬಂದು ಆ ಅರೆಬೆಂದ ಜಾಗಾನ ಉಬ್ಬಿಸುತ್ತೆ, ಎರಡೂ ಸೇರಿ ಒಂದೇ ಆಗಿಬಿಡುತ್ತೆ. ನೀವು ಪೀಸ್ ಬಿಡಿಸ್ತಿಲ್ಲ, ಸೇರಿಕೊಂಡಿದ್ದನ್ನ ಹರೀತಾ ಇದ್ದೀರಿ.

ಇನ್ನೊಂದು. ನಾಲ್ಕು ಪದರ 450 ಮ್ಯಾಟ್ ಒಂದೇ ಏಟಿಗೆ ಅಂದ್ರಲ್ಲ, ಮೂಲೇಲಿ ರೆಸಿನ್ ಇಳಿದು ಮಡುಗಟ್ಟುತ್ತೆ, ದಪ್ಪ ಇದ್ದಷ್ಟೂ ಶಾಖ ಏರುತ್ತೆ. ಕಾರ್ನೌಬಾ ಕರಗೋದು ಸುಮಾರು 82ರಿಂದ 86 ಡಿಗ್ರಿಗೆ, ಪೇಸ್ಟ್ ಮೇಣದಲ್ಲಿ ಅದರ ಜೊತೆ ಇನ್ನೂ ಮೆದು ಮೇಣಗಳಿರ್ತವೆ. ಶೀಟಿನ ಶೆಡ್ಡು, ಏಪ್ರಿಲ್ ಬಿಸಿಲು, ಕ್ಯಾಟಲಿಸ್ಟ್ (ರೆಸಿನ್ ಗಟ್ಟಿಮಾಡೋಕೆ ಬೆರೆಸೋದು) ಸ್ವಲ್ಪ ಜಾಸ್ತಿ ಬಿದ್ದಿದ್ರೆ ಮೇಣ ಮೆತ್ತಗಾಗೋದಕ್ಕೆ ಅಷ್ಟು ಸಾಕು. ಎರಡು ಪದರ ಹಾಕಿ, ಜೆಲ್ ಆಗಿ ಬಿಸಿ ಇಳಿದ ಮೇಲೆ ಇನ್ನೆರಡು ಹಾಕಿ.

ಬನ್ನೂರು ಹುಡುಗ

ಮೇಡಂ, ಅರೆಬೆಂದದ್ದು ಅಂತ ಗೊತ್ತಾಗೋಕೆ ಮಿಷನ್ ಇಲ್ವಾ?

ಪಾಲಿಮರ್ ಓದಿದೋಳು

ಇದೆ. ಬಾರ್ಕಾಲ್ ಅಂತ ಕೈಯಲ್ಲಿ ಒತ್ತಿ ಗಡಸುತನ ಓದೋ ಸಾಧನ. ಮೋಲ್ಡಿನ ಒಳ್ಳೆ ಜಾಗದಲ್ಲೂ ತೇಪೆ ಮೇಲೂ ಒತ್ತಿ ಹೋಲಿಸಬೇಕು. ಆದ್ರೆ ಅದು ಸಣ್ಣ ಚುಚ್ಚುಗುರುತು ಬಿಡುತ್ತೆ, ಹೊಳಪಿನ ನಡುವೆ ಒತ್ತೋಕೆ ಹೋಗಬೇಡಿ. ನಿಮ್ಮ ಕೆಲಸಕ್ಕೆ ಅಸಿಟೋನ್ ಬಟ್ಟೆ ಸಾಕು.

ತೂಬಿನಕೆರೆ ಶೆಡ್

ಸಾರ್, ಮೇಡಂ, ನೀವಂದಂಗೇ ಆಗದೆ. ಟೇಪು ತಳದಲ್ಲಿ ತಾನೇ ಬಿದ್ದೋಯ್ತು, ಆ ಎರಡು ಜಾಗದಲ್ಲಿ ಕಿತ್ರೆ ಚರ್ ಅಂತದೆ. ಮೇಣ ತೆಗೆದು ಅಸಿಟೋನ್ ಉಜ್ಜಿದ್ರೆ ಬನಿಯನ್ ಬಟ್ಟೆ ಕಪ್ಪಗೆ ಕಾಡಿಗೆ ಒರೆಸಿದಂಗೆ ಆಯ್ತು. ಅದ್ರ ಪಕ್ಕ ಒಂದೂವರೆ ಗೇಣು ದೂರ ಉಜ್ಜಿದ್ರೆ ಬಟ್ಟೆ ಬೆಳ್ಳಗೇ ಅದೆ. ಪೌಡರ್ ಹಾಕಿದ್ರೆ ಒಂದು ಕಡೆ ಸಾಸಿವೆ ಚೆಲ್ದಂಗೆ ಬಿಳಿ ಚುಕ್ಕಿ. ಈಗ ಕಣ್ಣಿಗೆ ಬಿದ್ಮೇಲೆ ತೇಪೆ ಅಂಚಿನ ಗೆರೇನೂ ಕಾಣ್ತದೆ, ಕಪ್ಪಲ್ಲೇ ಇನ್ನೊಂದು ಕಪ್ಪು.

ಕೊಟ್ಟೋರಿಗೆ ಫೋನ್ ಮಾಡಿದ್ವಿ, ಹಂಗೇನಿಲ್ಲ ಅಂದ್ರು. ಬುಡಿ, ಆ ದುಡ್ಡು ಹೋಯ್ತು. ಈಗ ರಿಪೇರಿ ಹೆಂಗೆ? ಮೋಲ್ಡ್ ಪೂರ್ತಿ ಹೊಸದು ಮಾಡ್ಸೋ ಶಕ್ತಿ ಇಲ್ಲ.

ಹೂಟಗಳ್ಳಿ ಮೋಲ್ಡರ್

ಹೊಸದು ಬೇಕಾಗಿಲ್ಲ. ತೇಪೆ ಮೇಲೆ ತೇಪೆ ಮಾತ್ರ ಹಾಕಬೇಡಿ. ಹಳೇ ತೇಪೆ ಪೂರ್ತಿ ಕೆರೆದು ಗಟ್ಟಿ ಜೆಲ್‌ಕೋಟ್ ಸಿಗೋವರೆಗೂ ಹೋಗಿ, ಅಂಚನ್ನ ನೇರ ಕತ್ತರಿಸದೆ ಇಳಿಜಾರು ಮಾಡಿ. ಉಜ್ಜೋದಕ್ಕೆ ಮುಂಚೆ ಸುತ್ತಲಿನ ಮೇಣ ಹೋಗಿರಬೇಕು. ಮೇಣ ಇದ್ದಂಗೇ ಪೇಪರ್ ಹಾಕಿ ಉಜ್ಜಿದ್ರೆ ಆ ಗೀರಿನೊಳಗೆ ಮೇಣ ಹೂತುಕೊಂಡು ಹೊಸ ತೇಪೆ ಎದ್ದುಬರುತ್ತೆ. ತುಂಬೋದಕ್ಕೆ ಟೂಲಿಂಗ್ ಜೆಲ್‌ಕೋಟೇ ಬೇಕು, ಪೀಸಿಗೆ ಹಾಕೋದಲ್ಲ. ಕ್ಯಾಟಲಿಸ್ಟ್ ಕಣ್ಣಂದಾಜಿಗೆ ಬೇಡ. ಸಣ್ಣ ಪ್ರಮಾಣ ಕಲಸುವಾಗಲೇ ಎಲ್ಲರೂ ಎಡವೋದು, ತೂಕ ಹಾಕಿ, ಡಬ್ಬಿ ಮೇಲೆ ಬರೆದಷ್ಟು. ಗುಳ್ಳೆ ಏಳದ ಹಾಗೆ ನಿಧಾನಕ್ಕೆ ಕಲಸಿ. ಒಂದು ಕೂದಲು ಎತ್ತರ ಜಾಸ್ತಿ ತುಂಬಿ, ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆ ಒತ್ತಿ ಗಾಳಿ ಹೊರಗೆ ದೂಡಿ ಮುಚ್ಚಿ.

ಮಾರನೇ ದಿನ ಉಜ್ಜೋ ಆತುರ ಬೇಡ. ಎರಡು ಮೂರು ದಿನ ಬಿಟ್ಟು ಹೀಟ್ ಲ್ಯಾಂಪಲ್ಲಿ 50 ಡಿಗ್ರಿ ಆಸುಪಾಸಲ್ಲಿ ಕೆಲವು ಗಂಟೆ ಕಾಯಿಸಿ. ಜೋರು ಬಿಸಿ ಹಾಕಿದ್ರೆ ಮೋಲ್ಡ್ ಸೊಟ್ಟಗಾಗುತ್ತೆ. ಆಮೇಲೆ ವಾಟರ್ ಪೇಪರ್ 400, 600, 800, 1000, 1500, 2000. ಒಂದು ನಂಬರ್ ಉಜ್ಜಿದ್ದಕ್ಕೆ ಅಡ್ಡಲಾಗಿ ಮುಂದಿನ ನಂಬರ್ ಉಜ್ಜಿದ್ರೆ ಹಿಂದಿನ ಗೀರು ಉಳಿದಿದ್ಯಾ ಅಂತ ಕಾಣುತ್ತೆ. ನಡುವೆ ಒಂದು ನಂಬರ್ ಹಾರಿಸಿದ್ರೆ ಕಾಂಪೌಂಡ್ (ಉಜ್ಜಿ ಹೊಳಪು ಕೊಡೋ ಪೇಸ್ಟು) ಹಾಕುವಾಗ ಅಳಬೇಕಾಗುತ್ತೆ. ಬಫಿಂಗ್ ಮಿಷನ್ ಒಂದೇ ಕಡೆ ನಿಲ್ಲಿಸಿ ಒತ್ತಬೇಡಿ, ಬಿಸಿಗೆ ಸುಡುತ್ತೆ.

ಈಗ ಮೇಣ. ಇಡೀ ಮೋಲ್ಡಿನ ಹಳೇದೆಲ್ಲ ತೆಗೀರಿ, ತೇಪೆ ಜಾಗದ್ದು ಮಾತ್ರ ಅಲ್ಲ. ಹಿಂದಿನೋರ ಆ ಒರೆಸೋ ರಿಲೀಸ್ ಕೆಳಗಿದೆ, ಅದರ ಮೇಲೆ ಮೇಣ ಸರಿಯಾಗಿ ಹಿಡಿಯೋದಿಲ್ಲ. ಒಂದು ಮೋಲ್ಡಿಗೆ ಒಂದು ಪದ್ಧತಿ. ಅದು ಒರೆಸಿದ್ರೆ ಹೋಗೋ ಜಾತಿ ಅಲ್ಲ, ನುಣ್ಣನೆ ಕಾಂಪೌಂಡಲ್ಲಿ ತಿಕ್ಕಿ ತೆಗೀಬೇಕು.

ಮೇಣ ಒಂದು ಸಲಕ್ಕೆ ಎರಡಡಿಗೆ ಎರಡಡಿ ಜಾಗ, ಅದಕ್ಕಿಂತ ಜಾಸ್ತಿ ಬೇಡ. ಬಟ್ಟೆಗೆ ಹೆಸರುಕಾಳಷ್ಟು ತಗೊಂಡು ಸುತ್ತು ಸುತ್ತಾಗಿ ತೆಳ್ಳಗೆ ತಿಕ್ಕಿ, ಮಂಜಾದ ತಕ್ಷಣ ಇನ್ನೊಂದು ಬಟ್ಟೇಲಿ ಹೊಳಪು ಬರೋವರೆಗೂ ಒರೆಸಿ. ಪೂರ್ತಿ ಒಣಗಿ ಕಲ್ಲಾಗೋಕೆ ಬಿಟ್ರೆ ಆಮೇಲೆ ಗೆರೆ ಹೋಗಲ್ಲ. ಒಂದು ಕೋಟಿಗೂ ಇನ್ನೊಂದಕ್ಕೂ ನಡುವೆ ಗಂಟೆ ಬಿಡುವು ಕೊಡಿ. ಪೇಸ್ಟಿನೊಳಗೆ ದ್ರಾವಕ ಇರುತ್ತೆ. ಕೆಳಗಿನ ಕೋಟ್ ಗಟ್ಟಿಯಾಗೋ ಮೊದಲೇ ಮೇಲಿನದು ಹಾಕಿದ್ರೆ ಅದು ಕೆಳಗಿನದನ್ನ ಕರಗಿಸಿ ಎತ್ತಿಕೊಂಡು ಬರುತ್ತೆ. ಹಾಕಿದ್ದು ಆರು, ಉಳಿದಿದ್ದು ಒಂದು ಅನ್ನೋ ಹಾಗಾಗುತ್ತೆ. ಹೊಸ ಮೋಲ್ಡಿಗೆ ಐದಾರು ಕೋಟ್ ವಾಡಿಕೆ, ಕೊನೇದಾದ ಮೇಲೆ ಒಂದು ರಾತ್ರಿ ಬಿಡಿ. ಟೈಲರ್ ಕಟ್‌ಪೀಸ್ ಎಸೀರಿ, ಅದರ ಗಂಜಿ, ಬಣ್ಣ ಎಲ್ಲ ಮೇಣಕ್ಕೆ ಬರುತ್ತೆ. ಒಗೆದು ಒಣಗಿಸಿದ ಬಿಳಿ ಹತ್ತಿ ಬನಿಯನ್ ಬಟ್ಟೆ ಸಾಕು, ಒಗೆಯುವಾಗ ಕಂಫರ್ಟು ಗಿಂಫರ್ಟು ಹಾಕಿರಬಾರದು.

ಮೇಣದ ಮೇಲೆ ಮೊದಲ ಕೆಲವು ಪೀಸಿಗೆ ಪಿವಿಎ (ಆರಿದ್ರೆ ನೀರಲ್ಲಿ ಕರಗೋ ತೆಳು ಪೊರೆಯಾಗೋ ದ್ರಾವಣ) ಹೊಡೀರಿ. ಹೊಸ ತೇಪೆಗೆ ಅದೊಂದು ಭದ್ರತೆ.

ಕೂರ್ಗಳ್ಳಿ ಪ್ರೊಡಕ್ಷನ್

ಮೋಲ್ಡರ್ ಸಾರ್ ಹೇಳಿದ ರಿಪೇರಿಗೆ ಒಪ್ಪಿದೆ. ಆದ್ರೆ ಮೇಣಕ್ಕೇ ಯಾಕೆ ವಾಪಸ್ ಹೋಗಬೇಕು? ಮೋಲ್ಡನ್ನ ಹೇಗೂ ಬೆತ್ತಲೆ ಮಾಡ್ತಿದ್ದಾರೆ, ಸೆಮಿ ಪರ್ಮನೆಂಟ್ ರಿಲೀಸ್‌ಗೆ (ಹಿಂದಿನೋರು ಕೊಟ್ಟ ಒರೆಸೋ ಜಾತಿ) ಇದಕ್ಕಿಂತ ಒಳ್ಳೆ ಸಮಯ ಇಲ್ಲ. ಮೇಣ ಬರೀ ಮೇಲೆ ಕೂತಿರುತ್ತೆ, ಪ್ರತಿ ಪೀಸಿನ ಜೊತೆ ಅಷ್ಟಷ್ಟು ಹೋಗುತ್ತೆ. ಸೆಮಿ ಪರ್ಮನೆಂಟ್ ಗಾಳಿಯ ತೇವದ ಜೊತೆ ಸೇರಿ ಮೋಲ್ಡಿನ ಮೇಲೆ ಜಾಲ ಕಟ್ಟಿ ಹಿಡಿದುಕೊಳ್ಳುತ್ತೆ. ಒಂದು ಸಲ ಸರಿಯಾಗಿ ಕೂತ್ರೆ ಪೀಸ್ ಮೇಲೆ ಪೀಸ್ ತೆಗೀಬಹುದು, ನಡುವೆ ಒಂದು ಕೋಟ್ ಮುಟ್ಟಿಸಿದ್ರೆ ಆಯ್ತು. ಪೀಸಿಗೆ ಅಂಟ್ಕೊಂಡು ಬರೋದೂ ಕಮ್ಮಿ, ಬಣ್ಣದೋರಿಗೂ ನೆಮ್ಮದಿ. ಮೊದಲು ಸೀಲರ್ (ಸೂಕ್ಷ್ಮ ರಂಧ್ರ ಮುಚ್ಚೋದು), ಆಮೇಲೆ ರಿಲೀಸ್, ತೆಳ್ಳಗೆ ಒರೆಸೋದು. ಕೋಟಿನ ಲೆಕ್ಕ, ನಡುವಿನ ಸಮಯ ಒಂದೊಂದು ಕಂಪನಿದು ಒಂದೊಂದು, ಅವರ ಹಾಳೆ ನೋಡಿಯೇ ಮಾಡಬೇಕು.

ಹೂಟಗಳ್ಳಿ ಮೋಲ್ಡರ್

ದಿನಾ ಪೀಸ್ ತೆಗೆಯೋ ನಿಮ್ಮಂಥ ಕಡೆ ಅದೇ ಸರಿ, ವಾದ ಇಲ್ಲ. ಆದ್ರೆ ಅದಕ್ಕೆ ಶಿಸ್ತು ಬೇಕು. ಒಬ್ಬ ಹುಡುಗ ಅಭ್ಯಾಸಬಲದಿಂದ ಅದರ ಮೇಲೆ ಮೇಣ ತಿಕ್ಕಿದ್ರೆ ಕಥೆ ಮುಗೀತು. ಈ ಶೆಡ್ಡಲ್ಲಿ ಪಕ್ಕದ ತೊಟ್ಟಿ ಮೋಲ್ಡು, ಬಾಗಿಲ ಮೋಲ್ಡು ಎಲ್ಲಾ ಮೇಣದಲ್ಲೇ ನಡೀತಿವೆ. ಅದೂ ಅಲ್ದೆ ಅದು ಜಾರಿಕೆ ಜಾಸ್ತಿ. ಬಟ್ಟಲ ಆಕಾರದಲ್ಲಿ ಜೆಲ್‌ಕೋಟ್ ಕುಗ್ಗಿ ಹೊತ್ತಿಗೆ ಮುಂಚೆ ಮೂಲೆ ಬಿಟ್ಟು ಎದ್ದುಬಿಟ್ರೆ ಪೀಸಿನ ಮೇಲೆ ಆ ಅಲೆ ಹಾಗೇ ಉಳಿಯುತ್ತೆ. ಈ ಆರ್ಡರ್ ಮುಗೀಲಿ, ಆಮೇಲೆ ಬೇಕಾದ್ರೆ ಬದಲಾಯಿಸ್ಕೊಳ್ಳಲಿ.

ಶ್ರೀರಂಗಪಟ್ಟಣದ ಶಿಲ್ಪಿ

ನಾವು ದಸರಾ ಸ್ತಬ್ಧಚಿತ್ರಕ್ಕೆ, ದೇವಸ್ಥಾನದ ಕಮಾನಿಗೆ ಫೈಬರ್ ಮೂರ್ತಿ ಹೊಯ್ಯೋರು. ನಮ್ದು ಪಿಒಪಿ ಅಚ್ಚು. ಒಂದೆರಡು ಮೂರ್ತಿ ತೆಗೆದ ಮೇಲೆ ಒಡೆದು ಹಾಕೋದೇ. ಮೇಲಿನ ಚರ್ಚೆ ಅಷ್ಟೂ ಜೆಲ್‌ಕೋಟ್ ಮೋಲ್ಡಿಂದು, ನಮಗೂ ಯಾರಾದ್ರೂ ಹೇಳಿ ಅನ್ನೋಣ ಅಂದ್ಕೊಂಡೆ, ಆದ್ರೆ ಓದ್ತಾ ಓದ್ತಾ ಎರಡೂ ಒಂದೇ ಅನ್ನಿಸ್ತು. ಸಂಕ್ರಾಂತಿಗೆ ಸಕ್ಕರೆ ಅಚ್ಚು ಹೊಯ್ಯೋಕೆ ಮುಂಚೆ ಮನೇಲಿ ಮರದಚ್ಚನ್ನ ನೀರಲ್ಲಿ ನೆನೆಹಾಕ್ತಾರಲ್ಲ. ಮರದ ಸಂದಿಯೆಲ್ಲ ನೀರು ಕುಡಿದು ತುಂಬಿರೋದಕ್ಕೆ ಪಾಕ ಒಳಕ್ಕೆ ಇಳಿಯಲ್ಲ, ಗಿಣಿ, ಕೋಳಿ, ದೋಣಿ ಕೊಕ್ಕು ಮುರಿಯದೆ ಬರ್ತವೆ. ಪಿಒಪಿಗೂ ಮೊದಲು ಆ ಸಂದಿ ಮುಚ್ಚಬೇಕು. ನಾವು ಅರಗನ್ನ ಸ್ಪಿರಿಟಲ್ಲಿ ಕರಗಿಸಿ ಬಳೀತೀವಿ. ಕುಡಿಯೋಷ್ಟು ಕುಡಿದು ಮೇಲೆ ಹೊಳಪು ನಿಲ್ಲೋವರೆಗೂ. ಅರಗಿಗೆ ಮೈಸೂರಲ್ಲಿ ಹಿಂದೆ ಬರ ಇರಲಿಲ್ಲ ಬಿಡಿ, ಇವತ್ತು ಮತದಾನದ ಶಾಯಿ ಮಾಡೋ ಮೈಸೂರು ಪೇಂಟ್ಸ್ ಕಾರ್ಖಾನೆ 1937ರಲ್ಲಿ ಶುರುವಾಗಿದ್ದೇ ಅರಗಿನ ಕಾರ್ಖಾನೆಯಾಗಿ.

ಹೊಸಬರಿಗೆ ಒಂದು ಮಾತು. ಪಿಒಪಿ ಅಚ್ಚು ಒಳಗೂ ಒಣಗಿರಬೇಕು. ಮುಟ್ಟಿದ್ರೆ ತಣ್ಣಗಿದ್ರೆ ಇನ್ನೂ ನೀರಿದೆ. ಮೇಲೆ ಅರಗು ಬಳಿದು ಮುಚ್ಚಿದ್ರೂ ರೆಸಿನ್ ಬಿಸಿಗೆ ಆ ನೀರು ಆವಿಯಾಗಿ ಹೊರಕ್ಕೆ ಬಂದು ಜೆಲ್‌ಕೋಟ್ ಕೆಡಿಸುತ್ತೆ. ಅರಗಿನ ಮೇಲೆ ನೇರ ಪಿವಿಎ ಬಳಿಯಬೇಡಿ. ಪಿವಿಎ ದ್ರಾವಣದಲ್ಲಿ ಆಲ್ಕೋಹಾಲ್ ಇರುತ್ತೆ, ಅರಗನ್ನ ಎಬ್ಬಿಸುತ್ತೆ. ನಡುವೆ ಒಂದೆರಡು ಕೈ ಮೇಣ ಇರಲಿ.

ಕಾಲೇಜ್ ರೇಸ್ ಟೀಮ್

ಸರ್, ಮೇಡಂ, ನಾವು ಮೈಸೂರಿನ ಇಂಜಿನಿಯರಿಂಗ್ ಕಾಲೇಜೊಂದರ ರೇಸ್ ಕಾರ್ ತಂಡ. ಮೂತಿ ಭಾಗಾನ ಕಾರ್ಬನ್ ಫೈಬರ್, ಎಪಾಕ್ಸಿಯಲ್ಲಿ ವ್ಯಾಕ್ಯೂಮ್ ಇನ್ಫ್ಯೂಷನ್ (ಬ್ಯಾಗಲ್ಲಿ ಮುಚ್ಚಿ, ಗಾಳಿ ಎಳೆದು ರೆಸಿನ್ ಹರಿಸೋದು) ಮಾಡಬೇಕು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಕಡೆದು ಮೋಲ್ಡ್ ಮಾಡಿದ್ದೀವಿ. ಅದರ ಮೇಲೆ ನೇರವಾಗಿ ಮೇಣ ಹಾಕಿದ್ರೆ ನಡೆಯುತ್ತಾ?

ಪಾಲಿಮರ್ ಓದಿದೋಳು

ನಡೆಯಲ್ಲ ತಮ್ಮ. ಎಂಡಿಎಫ್ ಮುಖ ಸ್ವಲ್ಪ ಬಿಗಿ, ಆದ್ರೆ ಕಡೆದ ಅಂಚು ಸ್ಪಂಜು ಇದ್ದ ಹಾಗೆ. ಎಪಾಕ್ಸಿ ಪಾಲಿಯೆಸ್ಟರ್‌ಗಿಂತ ಬಿಗಿಯಾಗಿ ಅಂಟೋದು, ಬೇರೆ ಕಡೆ ಅದನ್ನ ಅಂಟಾಗಿಯೇ ಬಳಸ್ತಾರೆ ಅನ್ನೋದು ನೆನಪಿರಲಿ. ಇನ್ನೊಂದು ತೊಂದರೆ ವ್ಯಾಕ್ಯೂಮ್. ಎಂಡಿಎಫ್ ಮೂಲಕವೇ ಗಾಳಿ ನುಗ್ಗುತ್ತೆ, ಪಂಪ್ ಎಷ್ಟು ಓಡಿಸಿದ್ರೂ ಗೇಜ್ ಮುಳ್ಳು ನಿಲ್ಲಲ್ಲ. ಎಪಾಕ್ಸಿನೇ ತೆಳ್ಳಗೆ ಎರಡು ಮೂರು ಕೈ ಕುಡಿಸಿ, ಉಜ್ಜಿ, ಮೇಲೆ ಟು ಕೆ ಪಿಯು (ಎರಡು ಭಾಗ ಬೆರೆಸೋ ಪಾಲಿಯುರೆಥೇನ್ ಬಣ್ಣ) ಹೊಡೆದು, ಚೆನ್ನಾಗಿ ಗಟ್ಟಿಯಾಗೋಕೆ ದಿನಗಟ್ಟಲೆ ಬಿಟ್ಟು ಪಾಲಿಶ್ ಮಾಡಿ. ನಂತರ ಮೇಣ, ಅದರ ಮೇಲೆ ಪಿವಿಎ. ಒಂದೆರಡು ಪೀಸಿಗೆ ಇದು ಧಾರಾಳ ಸಾಕು.

ಮೇಣ ಹಾಕೋ ಮುಂಚೆ ಮೋಲ್ಡಿನ ಅಂಚಲ್ಲಿ ಸೀಲಂಟ್ ಟೇಪ್ ಕೂರೋ ಪಟ್ಟಿಗೆ ಮಾಸ್ಕಿಂಗ್ ಟೇಪ್ ಹಚ್ಚಿಬಿಡಿ. ಮೇಣ ಅಲ್ಲಿಗೂ ಹೋದ್ರೆ ಬ್ಯಾಗಿನ ಟೇಪೇ ಹಿಡಿಯಲ್ಲ. ಮೋಲ್ಡಿನ ಗೋಡೆ ನೆಟ್ಟಗೆ 90 ಡಿಗ್ರಿ ನಿಂತಿದ್ಯಾ? ಒಂದೆರಡು ಡಿಗ್ರಿ ಆದ್ರೂ ಹೊರಕ್ಕೆ ಬಾಗಿರಲಿ. ಕಾರ್ಬನ್ ಪೀಸ್ ಬಳುಕಲ್ಲ, ನೆಟ್ಟಗಿರೋ ಮೋಲ್ಡಲ್ಲಿ ಏನೇ ಹಚ್ಚಿದ್ರೂ ಸಿಕ್ಕಿಹಾಕಿಕೊಳ್ಳುತ್ತೆ. ಪೀಸನ್ನ ಓವನ್‌ನಲ್ಲಿ ಕಾಯಿಸೋ ಯೋಚನೆ ಇದ್ರೆ ಮೋಲ್ಡಿಂದ ತೆಗೆದ ಮೇಲೆ ಕಾಯಿಸಿ.

ತೂಬಿನಕೆರೆ ಶೆಡ್

ತೇಪೆ ಕೆರೆದು ಹೊಸದು ತುಂಬಿ, ಕಾಯಿಸಿ, 2000 ಪೇಪರ್‌ವರ್ಗೂ ಉಜ್ಜಿದ್ದಾಯ್ತು. ಅಸಿಟೋನ್ ಬಟ್ಟೆ ಈಗ ಬಿಳೀನೇ. ಮೇಣ ನೀವಂದಂಗೆ ಬಿಡುವು ಕೊಟ್ಟು ಹಾಕಿದ್ವಿ, ಟೇಪು ಎಲ್ಲಾ ಕಡೆ ಒಂದೇ ಥರ ಬಿಟ್ಟದೆ.

ಪಿವಿಎ ಕೂರ್ಸೋದು ಮಾತ್ರ ಕಷ್ಟ ಆಗದೆ. ಪಕ್ಕದ ಗದ್ದೇಲಿ ಕಬ್ಬಿನ ತರಗಿಗೆ ಬೆಂಕಿ ಇಟ್ಟವ್ರೆ, ಕರೀ ಬೂದಿ ಹಾರಿ ಬಂದು ಹಸಿ ಪಿವಿಎ ಮೇಲೆ ಕೂತ್ಕಂಡದೆ. ಇನ್ನೊಂದು, ಬೆಳಿಗ್ಗೆ ಹೊತ್ತು ಹೊಡೆದ್ರೆ ಮಧ್ಯಾಹ್ನ ಆದ್ರೂ ಬೆರಳು ಅಂಟ್ತದೆ. ನಾಲೇಲಿ ನೀರು ಬಿಟ್ಟವ್ರೆ, ಸುತ್ತ ತ್ಯಾವ.

ಹೂಟಗಳ್ಳಿ ಮೋಲ್ಡರ್

ಬೂದಿ ಕೂತಿದ್ದು ಒಳ್ಳೇದೇ ಆಯ್ತು, ಅದು ಪಿವಿಎ ಅಲ್ವಾ, ನೀರಲ್ಲಿ ತೊಳೆದು ಹಾಕಿ, ಮೇಣಕ್ಕೆ ಏನೂ ಆಗಲ್ಲ. ಮೋಲ್ಡ್ ಒರೆಸಿ ಒಣಗಿಸಿ ಮತ್ತೆ ಹೊಡೀರಿ. ಮೊದಲನೇ ಸುತ್ತು ಮಂಜಿನ ಹಾಗೆ ಬರೀ ಹನಿ ಹನಿ. ಅದು ಹಿಡಿದ ಮೇಲೆ ಎರಡನೇದು, ಮೂರನೇದು. ಮೊದಲ ಏಟಿಗೇ ನೀರು ನೀರಾಗಿ ಹೊಡೆದ್ರೆ ಮೇಣದ ಮೇಲೆ ಹರಿದು ಮೂಲೇಲಿ ಮಡು ನಿಲ್ಲುತ್ತೆ, ಆ ಮಡು ಸಾಯಂಕಾಲ ಆದ್ರೂ ಆರಲ್ಲ. ನಿಮ್ಮ ಬೆರಳು ಅಂಟಿದ್ದು ಮೂಲೇಲೇ ಇರಬೇಕು. ಬೆಳಿಗ್ಗೆ ಬೇಡ, ಮೋಲ್ಡ್ ಶೆಡ್ಡಿನ ಬಿಸಿಗೆ ಬರಲಿ, ಹತ್ತು ಗಂಟೆ ಮೇಲೆ ಹೊಡೀರಿ. ಫ್ಯಾನ್ ಗಾಳಿ ಕೊಡಿ, ಆದ್ರೆ ಫ್ಯಾನಿನ ಹಿಂದೆ ಗದ್ದೆ ಕಡೆ ಬಾಗಿಲು ತೆರೆದಿರಬಾರದು. ಪೂರ್ತಿ ಒಣಗದೆ ಜೆಲ್‌ಕೋಟ್ ಹೊಡೆದ್ರೆ ತೇವಕ್ಕೆ ಕ್ಯೂರ್ ಕೆಟ್ಟು ಸುಕ್ಕುಗಟ್ಟುತ್ತೆ.

ತೆಗೆಯುವಾಗ ಕಬ್ಬಿಣದ ಬೆಣೆ, ಸ್ಕ್ರೂಡ್ರೈವರ್ ಯಾವುದೂ ಕಂಠಕ್ಕೆ ತಾಗಬಾರದು, ಆ ತೇಪೆಗೆ ಕಾರಣವೇ ಅದು. ಮರದ್ದು, ಇಲ್ಲ ಪ್ಲಾಸ್ಟಿಕ್ ಬೆಣೆ, ಸುತ್ತಲೂ ಸ್ವಲ್ಪ ಸ್ವಲ್ಪ. ಎಡೆ ಬಿಟ್ಟ ಕಡೆ ಒಂದು ಬಕೆಟ್ ನೀರು ಸುರೀರಿ. ಪಿವಿಎ ನೀರು ಕುಡಿದು ಕರಗ್ತಾ ಹೋದ ಹಾಗೆ ಹರಿಗೋಲು ತಾನೇ ಮೇಲೇಳುತ್ತೆ. ಆಮೇಲೆ ಬೇಕಾದ್ರೆ ಕಂಪ್ರೆಸರ್ ಗಾಳಿ.

ಮೇಟಗಳ್ಳಿ ಪೇಂಟರ್

ಹೆಸರು ಗಿಸರು ಬರೆಸೋದಿದ್ರೆ ಪಿವಿಎ ನೀರಲ್ಲಿ ತೊಳೆದು, ಮೇಣಾನ ಸೋಪು ನೀರು, ಆಮೇಲೆ ಥಿನ್ನರ್ ಬಟ್ಟೇಲಿ ತೆಗೆದು, ಅದಾದ ಮೇಲೇ ಪೇಪರ್ ಹಾಕಿ. ಉಜ್ಜಿ ಆಮೇಲೆ ಒರೆಸ್ತೀನಿ ಅಂದ್ರೆ ನನ್ನ ಹತ್ರ ತರಬೇಡಿ.

ತೂಬಿನಕೆರೆ ಶೆಡ್

ಬಂತು ಸಾರ್. ನೀರು ಬಿಟ್ಟು ಒಸಿ ಹೊತ್ತಿಗೆ ಟಪ್ ಅಂತ ಒಂದು ಸದ್ದಾಯ್ತು, ನಾಲ್ಕು ಜನ ಹಿಡ್ಕಂಡು ಎತ್ತಿದ್ವಿ. ಎರಡು ಮೂಲೇಲೂ ಜೆಲ್‌ಕೋಟು ಪೂರ್ತಿ ಅದೆ. ತೇಪೆ ಜಾಗದಲ್ಲಿ ಪೀಸು ಒಸಿ ಮಂಕು, ಪಿವಿಎದು ಅಂತ ಕಾಣ್ತದೆ, ಪಾಲಿಶ್ ಹೊಡೆದ್ರೆ ಸರಿಯಾಯ್ತದೆ. ಅಂಚಿಗೂ ಎರಡೆರಡು ಪದರ ಮಾಡ್ಕಂಡೇ ಹಾಕಿದ್ವಿ, ಮುಂಚಿನ ಥರ ಸುಡ್ಲಿಲ್ಲ.

ಹಿಂದಿನೋರು ಕೊಟ್ಟ ಆ ಡಬ್ಬಿ ತೆಗೆದು ನೋಡಿದೆ, ಒಳಗೆ ಮಜ್ಜಿಗೆ ಥರ ಬೆಳ್ಳಗದೆ. ಕೂರ್ಗಳ್ಳಿ ಸಾರ್, ಆರ್ಡರ್ ಮುಗುದ್ಮೇಲೆ ಬಳಸ್ಬೋದಾ?

ಕೂರ್ಗಳ್ಳಿ ಪ್ರೊಡಕ್ಷನ್

ಬೇಡ. ಅದು ನೀರಿನ ಹಾಗೆ ತಿಳಿಯಾಗಿರಬೇಕಿತ್ತು. ಮುಚ್ಚಳ ಸಡಿಲ ಬಿಟ್ಟಿದ್ದಾರೆ, ಇಲ್ಲ ಬಟ್ಟೆ ನೇರ ಡಬ್ಬಿಗೇ ಅದ್ದಿದ್ದಾರೆ. ತೇವ ಹೋಗಿ ಒಳಗೇ ಕ್ಯೂರ್ ಆಗಿದೆ. ಹೊಸದು ತಂದಾಗ ಬೇಕಾದಷ್ಟು ಮಾತ್ರ ಸಣ್ಣ ಬಟ್ಟಲಿಗೆ ಬಗ್ಗಿಸ್ಕೊಳ್ಳಿ, ಉಳಿದದ್ದನ್ನ ವಾಪಸ್ ಸುರಿಯಬೇಡಿ.